ಹೊಲದಲ್ಲಿ ಮರಳು ನಿಂತರೆ ಏನು ಮಾಡಬೇಕು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ತೋಟ-ಗದ್ದೆಗಳು ಮಣ್ಣಿನಡಿ ಸೇರಿದವು. 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನದಿಗಳು ಉಕ್ಕಿ ಹೊಲಕ್ಕೆ ನುಗ್ಗಿದವು. ಬೆಳೆ ಹೋದರೆ ಒಂದು ವರ್ಷದ ನಷ್ಟ. ಹೊಲದ ಮೇಲೆ ಹೂಳು ಕೂತರೆ ಮುಂದಿನ ವರ್ಷವೂ ಬಿತ್ತೋಕಾಗಲ್ಲ. ಅದಕ್ಕೇ ಸರ್ಕಾರದ ವಿಪತ್ತು ಪರಿಹಾರದಲ್ಲಿ ಬೆಳೆಗೆ ಬೇರೆ, ಭೂಮಿಗೆ ಬೇರೆ ಹಣ ಇಟ್ಟಿದ್ದಾರೆ. ಬೆಳೆ ಪರಿಹಾರ ಎಲ್ಲರಿಗೂ ಗೊತ್ತು. ಭೂಮಿಯದ್ದನ್ನ ನಾವು ಎಷ್ಟು ಜನ ಕೇಳ್ತೀವಿ?

ಈ ಹಣ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಬರುತ್ತದೆ. ನಮ್ಮ ರಾಜ್ಯದಲ್ಲಿ ಆ ನಿಧಿಗೆ ನೂರಕ್ಕೆ 75 ಭಾಗ ಕೇಂದ್ರದ್ದು, 25 ಭಾಗ ರಾಜ್ಯದ್ದು. 2022–23ರಿಂದ 2025–26ರವರೆಗೆ ಕೇಂದ್ರ ನಿಗದಿ ಮಾಡಿದ ದರ ಹೀಗಿತ್ತು:

* ಜಮೀನಿನ ಮೇಲೆ 3 ಇಂಚಿಗಿಂತ ದಪ್ಪ ಮರಳು ಅಥವಾ ಹೂಳು ನಿಂತರೆ, ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ. ಎಕರೆಗೆ ಸುಮಾರು 7,280 ಆಯಿತು.
* ಭೂಕುಸಿತದಿಂದ ಅಥವಾ ನದಿ ದಿಕ್ಕು ಬದಲಿಸಿ ಜಮೀನೇ ಹೋದರೆ ಹೆಕ್ಟೇರಿಗೆ 47,000.
* ಬೆಳೆ ನೂರಕ್ಕೆ 33 ಭಾಗ ಅಥವಾ ಹೆಚ್ಚು ಹಾಳಾದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಇದು 2 ಹೆಕ್ಟೇರಿನವರೆಗೆ ಮಾತ್ರ.

ಮೊದಲ ಎರಡು ಸಣ್ಣ, ಅತಿಸಣ್ಣ ರೈತರಿಗೆ ಮಾತ್ರ. ದರ ಆಗಾಗ ಬದಲಾಗುತ್ತದೆ. ಈಗಿನದ್ದನ್ನ ನಾಡಕಚೇರಿಯಲ್ಲಿ ಕೇಳಿ ತಿಳ್ಕೊಳ್ಳಿ.

ಒಂದು ಎಚ್ಚರ. ನೀರು ಇಳಿದ ಕೂಡಲೇ ಮನೆಯವರೆಲ್ಲ ಸೇರಿ ಮರಳು ಎತ್ತಿ ಹಾಕ್ತೀವಿ. ಅಧಿಕಾರಿ ಬರುವಷ್ಟರಲ್ಲಿ ಹೊಲ ಸ್ವಚ್ಛ, ತೋರಿಸೋಕೆ ಏನೂ ಇರಲ್ಲ. ಆದ್ದರಿಂದ ಮೊದಲು ಅಳತೆಪಟ್ಟಿ ನಿಲ್ಲಿಸಿ ಫೋಟೋ ತೆಗೀರಿ. ಗ್ರಾಮ ಆಡಳಿತ ಅಧಿಕಾರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೀರಿ. ಮಹಜರು ಆದ ಮೇಲೆ ಮರಳಿಗೆ ಕೈ ಹಾಕಿ.

ಇನ್ನೊಂದು ದೊಡ್ಡ ತೊಡಕು ಇದೆ. ಜಮೀನು ಹೋದವರ ಪರಿಹಾರಕ್ಕೆ, ಅದು ಕಂದಾಯ ದಾಖಲೆಯಲ್ಲಿ ಅವರ ಹೆಸರಲ್ಲೇ ಇರಬೇಕು. ಉಳುವವಳು, ಕಳೆ ತೆಗೆಯುವವಳು ನೀವು. ಪಹಣಿಯಲ್ಲಿ ಹೆಸರು ಯಾರದ್ದು? ಎಷ್ಟೋ ಮನೆಯಲ್ಲಿ ತೀರಿಹೋದ ಮಾವನದ್ದೋ ಗಂಡನದ್ದೋ ಇನ್ನೂ ಹಾಗೇ ಇದೆ. ಸತ್ತವರ ಖಾತೆಗೆ ಪರಿಹಾರ ಜಮಾ ಆಗಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ ಅರ್ಜಿ ಹಾಕಿ. ನೆರೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ.

ಈ ಕೆಲಸಕ್ಕೆ ಒಬ್ಬೊಬ್ಬರೇ ಹೋದರೆ "ನಾಳೆ ಬಾಮ್ಮ" ಅಂತಾರೆ. ಹತ್ತು ಜನ ಸೇರಿ ಹೋದರೆ ಕೂರಿಸಿ ಮಾತಾಡ್ತಾರೆ. ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ನಿಮ್ಮ ಮನೆ ಪಹಣಿ ತನ್ನಿ. ಯಾರ ಹೆಸರು ಬದಲಾಗಬೇಕು ಅಂತ ಪಟ್ಟಿ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು, ಒಟ್ಟಿಗೇ ನಾಡಕಚೇರಿಗೆ ಹೋಗೋಣ.