ಕಾಯಂ ನೌಕರಿಯೂ ಹೊಸ ಕಂಪನಿಯೂ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಇಪ್ಪತ್ತು ವರ್ಷಗಳಿಂದ ನಾನು ಇಲ್ಲಿ ಪತ್ರಿಕೆ ಓದುವವನೇ ಹೊರತು ಭಾಷಣ ಮಾಡುವವನಲ್ಲ. ಆದರೂ ಕಾರ್ಯದರ್ಶಿಗಳು ಇಂದು ನನ್ನನ್ನು ಹಿಡಿದು ನಿಲ್ಲಿಸಿದ್ದಾರೆ. ಅದರ ಕಾರಣ ತಮ್ಮಲ್ಲಿ ಅನೇಕರಿಗೆ ತಿಳಿದೇ ಇದೆ. ಕಳೆದ ವರ್ಷ ನನ್ನ ಮಗಳು ಐರೋಲಿಯ ದೊಡ್ಡ ಕಂಪನಿಯೊಂದರಲ್ಲಿದ್ದ ಒಂಬತ್ತು ವರ್ಷದ ಕಾಯಂ ಕೆಲಸವನ್ನು ಬಿಟ್ಟಳು. ಬಿಟ್ಟು, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಹನ್ನೊಂದು ಜನ ಸೇರಿ ನಡೆಸುವ ಒಂದು ಹೊಸ ಕಂಪನಿಯನ್ನು ಸೇರಿದಳು. ಈಗಿನವರು ಇದಕ್ಕೆ ಸ್ಟಾರ್ಟಪ್ ಎನ್ನುತ್ತಾರೆ. "ನೀವು ಹೇಗೆ ಒಪ್ಪಿದಿರಿ?" ಎಂದು ಕೇಳಿದವರು ಬಹಳ. ಒಬ್ಬೊಬ್ಬರಿಗೂ ಡೊಂಬಿವಲಿಯ ರೈಲ್ವೆ ಸೇತುವೆಯ ಮೇಲೆ ನಿಂತು ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆ ಹೇಳಿಬಿಡುವುದು ಲೇಸು.

ನಾನು ಒಪ್ಪಲಿಲ್ಲ. ಮೊದಲು ಅದನ್ನು ಹೇಳಬೇಕು. ಎರಡು ತಿಂಗಳು ಮಗಳೊಡನೆ ನೆಟ್ಟಗೆ ಮಾತಾಡಲಿಲ್ಲ. ತಿಂಗಳಿಗೆ ತೊಂಬತ್ತೈದು ಸಾವಿರ ಬರುತ್ತಿದ್ದದ್ದು ಅರವತ್ತೈದಕ್ಕೆ ಇಳಿಯುತ್ತದೆ. ಮನೆಯ ಸಾಲದ ಕಂತು ಮೂವತ್ತೆರಡು ಸಾವಿರ. ಸಾಲ ಇರುವುದು ಅವಳ ಹೆಸರಿನಲ್ಲಿ. ಲೆಕ್ಕ ಬರೆದೇ ಹೊಟ್ಟೆ ಹೊರೆದವನಿಗೆ ಇದು ಹೇಗೆ ಸಮ್ಮತವಾದೀತು?

ನಾವು ಈ ಕಡೆಗೆ ಬಂದದ್ದೇ ಕಾಯಂ ನೌಕರಿಗಾಗಿ ಅಲ್ಲವೆ? ನಾನು 1979ರಲ್ಲಿ ಧಾರವಾಡದಿಂದ ಬಂದು ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಸೇರಿದೆ. ಕಾಯಂ ಎಂಬ ಕಾಗದ ಕೈಗೆ ಬಂದ ದಿನ ಊರಿಗೆ ತಂತಿ ಕೊಟ್ಟೆ. ಆ ಮಾತಿನ ಮೇಲೆ ಮದುವೆಯಾಯಿತು, ಕಲ್ಯಾಣದಲ್ಲಿ ಬಾಡಿಗೆ ಮನೆಯಾಯಿತು, ಡೊಂಬಿವಲಿಯಲ್ಲಿ ಒಂದು ಕೋಣೆಯ ಸ್ವಂತ ಮನೆಯಾಯಿತು. ಅದೇ ಕಾರ್ಖಾನೆ 1999ರಲ್ಲಿ ಬಾಗಿಲು ಮುಚ್ಚಿತು. ಆಗ ನನಗೆ ನಾಲ್ವತ್ತೆರಡು, ಮಗಳಿಗೆ ಏಳು.

ಇದು ನನ್ನೊಬ್ಬನ ಕತೆಯಲ್ಲ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಆರಂಭವಾದಾಗ ಸುಮಾರು ಎರಡೂವರೆ ಲಕ್ಷ ಜನ ಕೆಲಸಗಾರರಿದ್ದರು. ಗಿರಣಿಯ ನೌಕರಿ ಎಂದರೆ ಅಪ್ಪನಿಂದ ಮಗನಿಗೆ ಬರುವ ಆಸ್ತಿಯೆಂದು ಅವರೂ ತಿಳಿದಿದ್ದರು. ಹೆಚ್ಚಿನವರು ಮತ್ತೆ ಆ ಬಾಗಿಲನ್ನು ಕಾಣಲಿಲ್ಲ. ಇಲ್ಲೇ ಕಲ್ಯಾಣದ ಬಳಿ, ಮೋಹನೆಯ ನ್ಯಾಷನಲ್ ರೇಯಾನ್ ಕಾರ್ಖಾನೆ 2009ರಲ್ಲಿ ನಿಂತುಹೋಯಿತು. ಕಾಯಂ ಎಂಬುದು ಕಾಗದದ ಮೇಲಿನ ಮಾತು. ಅದನ್ನು ಬರೆದುಕೊಟ್ಟ ಸಂಸ್ಥೆಯೇ ಕಾಯಂ ಅಲ್ಲ.

ಮಗಳು ಇದನ್ನೇ ನನ್ನ ಮುಖಕ್ಕೆ ಹೇಳಿದಳು. "ಅಪ್ಪಾ, ನೀವೇನು ನೌಕರಿ ಬಿಟ್ಟಿರಲಿಲ್ಲ. ಕಾರ್ಖಾನೀನ ನಿಮ್ಮನ್ನ ಬಿಟ್ಟು ಹೋತು" ಎಂದಳು. ಮಾತು ನಿಜ, ನಿಜವಾದ್ದರಿಂದಲೇ ಸಿಟ್ಟು ಬಂತು. "ಹೌದವ್ವಾ, ಅದಕ್ಕ ಹೇಳ್ತೀನಿ, ಬಿಡಿಸಿಕೊಂಡವಗ ಗೊತ್ತದ ಅದರ ಬ್ಯಾನಿ" ಎಂದೆ.

ಆಗ ಅವಳು ಎಲ್ಲರೂ ಹೇಳುವ ಇನ್ಫೋಸಿಸ್‌ನ ಮಾತನ್ನೆತ್ತಿದಳು. 1981ರಲ್ಲಿ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಎಂಬ ಕಂಪನಿಯ ಕೆಲಸ ಬಿಟ್ಟ ಏಳು ಮಂದಿ ಇಂಜಿನಿಯರರು ಪುಣೆಯಲ್ಲಿ ಅದನ್ನು ಆರಂಭಿಸಿದರು. ಶಿಡ್ಲಘಟ್ಟದಲ್ಲಿ ಹುಟ್ಟಿದ ನಾರಾಯಣ ಮೂರ್ತಿಯವರು ಮುಂದಾಳು. ಬೆಂಗಳೂರಿನ ನಂದನ್ ನಿಲೇಕಣಿ ಏಳರಲ್ಲೊಬ್ಬರು. ಈ ಕತೆಯನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿದ್ದಾರೆ. ಆದರೆ ಅರ್ಧವನ್ನು ಮಾತ್ರ.

ಉಳಿದರ್ಧವನ್ನು ಕೇಳಿರಿ. ಮೂರ್ತಿಯವರು ಅದಕ್ಕೂ ಮುಂಚೆ ಸಾಫ್ಟ್ರಾನಿಕ್ಸ್ ಎಂಬ ಇನ್ನೊಂದು ಸಂಸ್ಥೆ ತೆರೆದಿದ್ದರು, ಅದು ನಡೆಯಲಿಲ್ಲ, ಅವರು ನೌಕರಿಗೆ ಮರಳಬೇಕಾಯಿತು. ಎರಡನೆಯ ಸಲದ ಮೂಲಧನ ಹತ್ತು ಸಾವಿರ ರೂಪಾಯಿ. ಅದು ಅವರ ಪತ್ನಿ ಸುಧಾ ಮೂರ್ತಿಯವರು ಕೂಡಿಟ್ಟಿದ್ದ ಹಣ. ಶಿಗ್ಗಾವಿಯಲ್ಲಿ ಹುಟ್ಟಿದ, ನಮ್ಮ ಕಡೆಯ ಹೆಣ್ಣುಮಗಳು. ಅವರು ಸ್ವತಃ ಇಂಜಿನಿಯರು, ಟೆಲ್ಕೋದಲ್ಲಿ ದುಡಿದವರು. ಗಂಡನ ಕಂಪನಿ ಆರಂಭವಾದ ಕಾಲದಲ್ಲಿ ಮನೆ ನಡೆಯಲೆಂದು ವಾಲ್‌ಚಂದ್ ಸಮೂಹದಲ್ಲಿ ಸಂಬಳದ ಕೆಲಸ ಹಿಡಿದರು. ಕಂಪನಿಯ ಷೇರುಗಳು ಸಾರ್ವಜನಿಕರಿಗೆ ಮಾರಾಟಕ್ಕೆ ಬಂದದ್ದು 1993ರಲ್ಲಿ. ಅಂದರೆ ಹನ್ನೆರಡು ವರ್ಷ. ಬಿಟ್ಟು ಹೋದವರ ಹೆಸರು ಜಗತ್ತಿಗೆ ಗೊತ್ತು. ಬಿಡದೆ ನಿಂತು ಅಕ್ಕಿ-ಬೇಳೆ ತಂದವರ ಲೆಕ್ಕವನ್ನು ನಾವು ಬರೆಯುವುದಿಲ್ಲ.

ಈ ಮಾತನ್ನು ನಾನು ಗೆದ್ದವನಂತೆ ಮಗಳ ಮುಂದಿಟ್ಟೆ. ಅಡಿಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ಕಾರ್ಖಾನೆ ಮುಚ್ಚಿದ ಮೇಲೆ ನಾನು ಮೂರು ವರ್ಷ ಅಲ್ಲಿ ಇಲ್ಲಿ ಲೆಕ್ಕ ಬರೆಯುತ್ತ ಅಲೆದಾಗ, ಹೊಲಿಗೆ ಯಂತ್ರ ಇಟ್ಟುಕೊಂಡು, ನೆರೆಮನೆಯ ಮಕ್ಕಳಿಗೆ ಪಾಠ ಹೇಳಿ ಮನೆ ನಡೆಸಿದವಳು ಅವಳು. ನಾನದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಅವಳ ಮುಂದೆಯೂ ಹೇಳಿರಲಿಲ್ಲ. ಅವಳು ಅಂದದ್ದು ಇಷ್ಟೆ: "ಬಾವಿಯ ಹೂಳು ತಗಿಯೋವಾಗ ಒಬ್ಬರು ಇಳೀತಾರ, ಒಬ್ಬರು ಮ್ಯಾಲ ಹಗ್ಗ ಹಿಡೀತಾರ. ಆವಾಗ ನಾ ಹಿಡದಿದ್ದೆ. ಈಗ ನೀವು ಹಿಡೀರಿ."

ಅಂದು ರಾತ್ರಿ ನಾನು ಹೊಸ ಲೆಕ್ಕದ ಪುಸ್ತಕ ತೆರೆದೆ. ಹಗ್ಗ ಹಿಡಿಯುವವನು ಹಗ್ಗ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ನೋಡಬೇಡವೆ? ನಾವು ಮೂವರೂ ಕುಳಿತು ನೋಡಿದ್ದನ್ನು ತಮ್ಮ ಮನೆಗಳಿಗೂ ಉಪಯೋಗವಾದೀತೆಂದು ಹೇಳುತ್ತೇನೆ.

ಮೊದಲನೆಯದು, ಗಡುವು. ಹೊಸ ಕಂಪನಿಯಿಂದ ಒಂದು ಕಾಸೂ ಬಾರದಿದ್ದರೆ ಕಂತು, ಔಷಧ, ಊಟ ಎಷ್ಟು ತಿಂಗಳು ನಡೆದೀತು? ನಮಗೆ ಹತ್ತು ತಿಂಗಳೆಂದು ಬಂತು. ಹದಿನೆಂಟು ತಿಂಗಳಿಗೆ ಸಾಲುವಷ್ಟು ಹಣ ಕೂಡುವವರೆಗೆ ರಾಜೀನಾಮೆ ಬೇಡವೆಂದೆ. ಅವಳು ಏಳು ತಿಂಗಳು ಕಾದಳು.

ಎರಡನೆಯದು, ಆಸ್ಪತ್ರೆ. ದೊಡ್ಡ ಕಂಪನಿಯವರು ಕೊಡುವ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಹೋಗುತ್ತದೆ. ಹೊಸದಾಗಿ ಸ್ವಂತ ವಿಮೆ ಮಾಡಿಸಿದರೆ ಮೊದಲೇ ಇದ್ದ ರೋಗಕ್ಕೆ ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ಬಿಡುವ ಮುನ್ನವೇ ಮಾಡಿಸಬೇಕು.

ಮೂರನೆಯದು, ಭವಿಷ್ಯ ನಿಧಿ ಮತ್ತು ಗ್ರಾಚ್ಯುಯಿಟಿ. ಇಪ್ಪತ್ತು ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ಕಡ್ಡಾಯ. ಹನ್ನೊಂದು ಜನರಿರುವಲ್ಲಿ ಅದು ಇಲ್ಲದಿರಬಹುದು. ಕೂಡಿದ ಹಣವನ್ನು ತೆಗೆದು ತಿನ್ನಬಾರದು. ಗ್ರಾಚ್ಯುಯಿಟಿ ಕಾಯಂ ನೌಕರರಿಗೆ ಐದು ವರ್ಷ ತುಂಬಿದ ಮೇಲೆ, ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ. ನಾಲ್ಕು ವರ್ಷ ಚಿಲ್ಲರೆಗೆ ಅವಸರ ಮಾಡಿ ಕಳೆದುಕೊಂಡವರನ್ನು ನಾನು ಬಲ್ಲೆ.

ನಾಲ್ಕನೆಯದು, ಸಂಬಳದ ಬದಲಿಗೆ ಕೊಡುತ್ತೇವೆನ್ನುವ ಷೇರು. ಅದು ಇಂದೇ ಕೈಗೆ ಬರುವುದಿಲ್ಲ. ಕಾನೂನಿನಂತೆ ಕನಿಷ್ಠ ಒಂದು ವರ್ಷ ಕಾಯಬೇಕು, ಬಹುತೇಕ ಕಡೆ ಇನ್ನೂ ಹೆಚ್ಚು. ಕೊಳ್ಳಲು ಹಣ ಬೇಕು. ಸಾಮಾನ್ಯವಾಗಿ ಮಾರುವ ಮೊದಲೇ ತೆರಿಗೆ ಬೀಳುತ್ತದೆ. ಕೊಳ್ಳುವವರಿಲ್ಲದಿದ್ದರೆ ಅದು ಬರಿಯ ಕಾಗದ. ಮನೆಯ ಲೆಕ್ಕದಲ್ಲಿ ಅದಕ್ಕೆ ಸೊನ್ನೆ ಬರೆಯಿರಿ. ಬಂದರೆ ದೇವರು ಕೊಟ್ಟದ್ದು.

ಇಷ್ಟು ಮಾಡಿದ ಮೇಲೂ ಭಯ ಹೋಯಿತೆ? ಇಲ್ಲ. ಮೊದಲು ಬೆಳಿಗ್ಗೆ ಏಳೂವರೆಯ ಗಾಡಿ ಹಿಡಿದು, ಠಾಣೆಯಲ್ಲಿ ಇಳಿದು, ಐರೋಲಿಯ ಗಾಡಿಗೆ ಓಡುತ್ತಿದ್ದಳು. ಈಗ ಠಾಣೆಯಲ್ಲೇ ಕೆಲಸ. ಆದರೆ ಮನೆಗೆ ಬರುವಾಗ ರಾತ್ರಿ ಹತ್ತಾಗುತ್ತದೆ. ಒಂದು ತಿಂಗಳ ಸಂಬಳ ಇಪ್ಪತ್ತು ದಿನ ತಡವಾಗಿ ಬಂತು. ಕಂಪನಿ ಉಳಿದೀತೋ ಇಲ್ಲವೋ ನಾನು ಹೇಳಲಾರೆ, ಅವಳೂ ಹೇಳಲಾರಳು. ಆದರೆ ಈಗ ಅವಳು ಊಟಕ್ಕೆ ಕುಳಿತಾಗ ತಾನು ಮಾಡಿದ ಕೆಲಸದ ಮಾತಾಡುತ್ತಾಳೆ. ಒಂಬತ್ತು ವರ್ಷದಲ್ಲಿ ನಾನದನ್ನು ಕೇಳಿರಲಿಲ್ಲ. ಗಡುವು ತುಂಬಲು ಇನ್ನು ಏಳು ತಿಂಗಳಿದೆ. ಅಂದು ಪುಸ್ತಕವನ್ನು ಮತ್ತೆ ತೆರೆಯುತ್ತೇವೆ. ಹಿಂದಕ್ಕೆ ಬರಬೇಕಾದರೆ ನಾಚಿಕೆಪಡದೆ ಬರಬೇಕೆಂದು ಮೊದಲೇ ಮಾತಾಗಿದೆ.

ಹಿರಿಯರಲ್ಲಿ ನನ್ನ ವಿನಂತಿ: ಮಕ್ಕಳು ಈ ಮಾತೆತ್ತಿದಾಗ ಬೇಡವೆನ್ನುವ ಮುನ್ನ ಲೆಕ್ಕ ಕೇಳಿರಿ. ಕಿರಿಯರಲ್ಲಿ ವಿನಂತಿ: ನಿಮ್ಮ ಧೈರ್ಯದ ಖರ್ಚು ಯಾರ ಹೆಸರಿಗೆ ಬೀಳುತ್ತದೆಂದು ನೋಡಿ, ಅವರನ್ನು ಮೊದಲು ಕೇಳಿರಿ. ನಾನು ಇಪ್ಪತ್ತೈದು ವರ್ಷ ತಡ ಮಾಡಿದೆ. ಆ ಸಾಲವನ್ನು ಇಂದು ಈ ಸಭೆಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿಯ ಎದುರಿಗೆ ಒಪ್ಪಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.