ಯಾವ ಕಷ್ಟಕ್ಕೆ ಯಾರ ನೆರವು?

ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾದ ಹುಡುಗಿ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರುತ್ತಾಳೆ. ಪಾಠ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷ್. ಮೊದಲ ಟೆಸ್ಟಿನಲ್ಲೇ ಫಿಸಿಕ್ಸ್ ಫೇಲ್. ಇಂಗ್ಲಿಷ್ ತೊಡಕಾಯಿತು ಎಂದು ಅವಳಿಗೆ ಅನ್ನಿಸುವುದಿಲ್ಲ. ‘ಸೈನ್ಸ್ ನನ್ನ ತಲೆಗೆ ಹತ್ತಲ್ಲ’ ಅಂದುಕೊಳ್ಳುತ್ತಾಳೆ. ತೊಡಕು ಒಂದು ಕಡೆ, ದೂರು ಇನ್ನೊಂದು ಕಡೆ. ಈ ತಪ್ಪು ಎಣಿಕೆಯನ್ನು ಒಬ್ಬರೇ ಕೂತು ತಿದ್ದಿಕೊಳ್ಳುವುದು ಕಷ್ಟ, ಅದಕ್ಕೆ ಜನ ಬೇಕು. ಯಾವುದಕ್ಕೆ ಯಾರು ಬೇಕು ಅನ್ನುವುದೇ ಇವತ್ತಿನ ಮಾತು.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಎಂಬ ಸಂಶೋಧನಾ ವಿದ್ಯಾರ್ಥಿಯನ್ನು ಒಂದು ಪ್ರಶ್ನೆ ಕಾಡಿತು. ತಮ್ಮ ಶಾಲೆಗಳಲ್ಲಿ ಜಾಣರೆನಿಸಿಕೊಂಡು ಬಂದ ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲೇ ಯಾಕೆ ಎಡವುತ್ತಾರೆ? ಆಸಕ್ತಿ ಸಾಲದು, ಮನೆಯಲ್ಲಿ ಓದುವ ವಾತಾವರಣವಿಲ್ಲ ಎಂದು ಸಹೋದ್ಯೋಗಿಗಳು ಹೇಳಿದರು. ಟ್ರೈಸ್ಮನ್ ಅದನ್ನು ಒಪ್ಪಿ ಸುಮ್ಮನಾಗದೆ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹಿಂಬಾಲಿಸಿ, ಅವರು ಓದುವ ಕಡೆಯೇ ಹೋಗಿ ನೋಡಿದರು. ಸಹೋದ್ಯೋಗಿಗಳು ಕೊಟ್ಟ ಕಾರಣ ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ವಾರಕ್ಕೆ ಸುಮಾರು 8 ಗಂಟೆ ಶ್ರದ್ಧೆಯಿಂದಲೇ ಲೆಕ್ಕ ಮಾಡುತ್ತಿದ್ದರು. ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ಒಂಟಿಯಾಗಿ ಓದಿದ ಮೇಲೆ ಸಂಜೆ ಒಟ್ಟಿಗೆ ಸೇರುತ್ತಿದ್ದರು. ಎಲ್ಲ ಸೇರಿ ವಾರಕ್ಕೆ ಸುಮಾರು 14 ಗಂಟೆ.

ಆ ಸಂಜೆಗಳಲ್ಲಿ ಆಗುತ್ತಿದ್ದದ್ದು ಇಷ್ಟು. ಎಲ್ಲರೂ ಉತ್ತರ ಹೋಲಿಸಿ ನೋಡುವರು. ಒಬ್ಬನದು ಮಾತ್ರ ಬೇರೆ ಬಂದಿದ್ದರೆ ಎಲ್ಲಿ ತಪ್ಪಿದೆ ಎಂದು ಅಲ್ಲೇ ಹುಡುಕುವರು. ಒಬ್ಬರಿಗೂ ಬಿಡಿಸಲಾಗದಿದ್ದರೆ, ಲೆಕ್ಕವೇ ಕಠಿಣ ಎಂದು ಎಲ್ಲರಿಗೂ ಗೊತ್ತಾಗುವುದು. ಒಂಟಿಯಾಗಿ ಕೂತವನಿಗೆ ಈ ಎರಡನೆಯ ತಿಳಿವಳಿಕೆ ಸಿಗುವುದೇ ಇಲ್ಲ. ಬಿಡಿಸಲಾಗದ ಪ್ರತಿ ಲೆಕ್ಕವೂ ಅವನಿಗೆ ತನ್ನ ದಡ್ಡತನದ ಸಾಕ್ಷಿಯಾಗುತ್ತದೆ. ಮುಂದೆ ಟ್ರೈಸ್ಮನ್ ಗುಂಪು ಅಧ್ಯಯನದ ಕಾರ್ಯಾಗಾರಗಳನ್ನು ನಡೆಸಿದರು. ಹಿಂದುಳಿದವರಿಗೆಂದು ಸುಲಭದ ಲೆಕ್ಕ ಕೊಡಲಿಲ್ಲ, ಕಠಿಣವಾದವನ್ನೇ ಕೊಟ್ಟರು. ಅದರಲ್ಲಿ ಪಾಲ್ಗೊಂಡ ಕಪ್ಪು ವಿದ್ಯಾರ್ಥಿಗಳ ಅಂಕಗಳು ಗಮನಾರ್ಹವಾಗಿ ಏರಿದವು.

ನಮ್ಮಲ್ಲಿ ಮಠಗಳ ಪ್ರಸಾದ ನಿಲಯಗಳು, ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಲೆಮಾರುಗಳ ಮಕ್ಕಳನ್ನು ಓದಿಸಿವೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ ಉಚಿತ. ಅಲ್ಲಿ ಸಿಗುವುದು ಅನ್ನವೊಂದೇ ಅಲ್ಲ. ಪಕ್ಕದಲ್ಲಿ ಕೂತು ಓದುವವರೂ, ಅದೇ ದಾರಿಯಲ್ಲಿ ಒಂದು ವರ್ಷ ಮುಂದೆ ಹೋದವರೂ ಸಿಗುತ್ತಾರೆ.

ನೆರವಿನಲ್ಲಿ ನಾಲ್ಕು ಬಗೆ ಎಂದು ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ 1981ರಲ್ಲಿ ವಿಂಗಡಿಸಿದರು: ಧೈರ್ಯ ಹೇಳುವುದು, ಕೈಯಾರೆ ಸಹಾಯ ಮಾಡುವುದು, ಮಾಹಿತಿ ಕೊಡುವುದು, ನೀನೆಲ್ಲಿದ್ದೀಯ ಎಂದು ನೇರವಾಗಿ ತಿಳಿಸುವುದು. ನಾಲ್ಕೂ ಒಬ್ಬರಿಂದಲೇ ಸಿಗುವುದು ಅಪರೂಪ. ಸಿಇಟಿ ಆದಮೇಲಿನ ಆಪ್ಷನ್ ಎಂಟ್ರಿಯನ್ನೇ ನೋಡಿ. ಕಾಲೇಜುಗಳನ್ನು ನಮಗೆ ಬೇಕಾದ ಕ್ರಮದಲ್ಲಿ ಹಾಕಬೇಕು. ಪಟ್ಟಿಯಲ್ಲಿ ಮೇಲೆ ಹಾಕಿದ್ದು ಸಿಕ್ಕಿತೆಂದರೆ ಕೆಳಗಿನವು ಲೆಕ್ಕಕ್ಕಿಲ್ಲ. ‘ಆಗುತ್ತೆ ಬಿಡು ಮಗಾ’ ಅನ್ನುವ ಅಮ್ಮನ ಮಾತಿನಿಂದ ರಾತ್ರಿ ನಿದ್ದೆ ಬರುತ್ತದೆ ನಿಜ. ಆದರೆ ಪಟ್ಟಿ ಮಾಡುವಾಗ ಪಕ್ಕದಲ್ಲಿರಬೇಕಾದದ್ದು ಕಳೆದ ವರ್ಷ ಇದೇ ಕೆಲಸ ಮಾಡಿದ ಸೀನಿಯರ್.

ಕೆಲಸ ಹುಡುಕುವಾಗ ಇನ್ನೂ ದೂರ ಕೈಚಾಚಬೇಕು. ಪರಿಚಯದ ಮೂಲಕ ಕೆಲಸ ಹಿಡಿದವರನ್ನು ಮಾತಾಡಿಸಿದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ ಹೆಸರಾಯಿತು. ಹೆಚ್ಚಿನವರಿಗೆ ಸುಳಿವು ಕೊಟ್ಟವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಕಾರಣ ಸರಳ: ದಿನಾ ಸಿಗುವ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹಳೆಯ ಮೇಷ್ಟ್ರು, ಬೇರೆ ಊರಲ್ಲಿ ಕೆಲಸಕ್ಕಿರುವ ಊರಿನ ಹುಡುಗ, ಇಂಟರ್ನ್‌ಶಿಪ್‌ನಲ್ಲಿ ಪರಿಚಯವಾದವರು, ಇವರಿಗೆ ಒಂದು ಫೋನ್ ಮಾಡಲು ನಾಚಿಕೆ ಬೇಡ.

ಎಲ್ಲ ಬೆಂಬಲವೂ ಬೆಂಬಲವಲ್ಲ ಅನ್ನುವುದನ್ನು ಮನೆಯವರು ನೆನಪಿಡಬೇಕು. ‘ನಿನಗೋಸ್ಕರ ಇಷ್ಟು ಖರ್ಚು ಮಾಡಿದೀವಿ’ ಅನ್ನುವ ಮಾತು ಸೇರಿಕೊಂಡರೆ ನೆರವೇ ಹೊರೆಯಾಗುತ್ತದೆ. ಫೇಲಾದ ಮಗು ಅದನ್ನು ಮೊದಲು ಮನೆಯಲ್ಲೇ ಹೇಳುವಂತಿರಬೇಕು. ಮನಸ್ಸು ತೀರಾ ಕುಗ್ಗಿದಾಗ, ಯಾರಲ್ಲೂ ಹೇಳಲಾಗದಾಗ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೂ ಮಾತಾಡಬಹುದು.

ಪಿಯು ಉಪನ್ಯಾಸಕರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಕಾಲೇಜು ಶುರುವಾದ ಮೊದಲ ತಿಂಗಳಲ್ಲೇ ನಾಲ್ಕೈದು ಮಕ್ಕಳ ಗುಂಪು ಮಾಡಿ, ಕನ್ನಡ ಮಾಧ್ಯಮದವರನ್ನು ಎಲ್ಲ ಗುಂಪುಗಳಲ್ಲೂ ಸೇರಿಸಿ, ವಾರಕ್ಕೊಂದು ಕಠಿಣ ಲೆಕ್ಕ ಕೊಡಿ. ಚರ್ಚೆ ಕನ್ನಡದಲ್ಲೇ ನಡೆಯಲಿ, ಉತ್ತರ ಇಂಗ್ಲಿಷಿನಲ್ಲಿ ಬರೆಯಲಿ. ಇದಕ್ಕೆ ಅನುದಾನ ಬೇಕಿಲ್ಲ. ಕ್ಲಾಸು ಮುಗಿದ ಮೇಲೆ ಒಂದು ಕೊಠಡಿಗೆ ಬೀಗ ಹಾಕದಿದ್ದರೆ ಸಾಕು.