ಡಮಾಮಿಯ ಹಾಡು ರೆಕಾರ್ಡಿಗೆ ಬಂದ ದಾರಿ

2021ರಲ್ಲಿ ‘ಸಲಗ’ ಚಿತ್ರ ತೆರೆಗೆ ಬರುವ ಮುಂಚೆಯೇ ಅದರ ಒಂದು ಹಾಡು ಊರೂರಿನ ಮೊಬೈಲುಗಳಲ್ಲಿ ಕುಣಿಯುತ್ತಿತ್ತು: ‘ಟಿಣಿಂಗ ಮಿಣಿಂಗ ಟಿಶ್ಯಾ’. ಚರಣ್ ರಾಜ್ ಸಂಗೀತ. ಹಾಡಿದವರು ಚನ್ನಕೇಶವ, ಗಿರಿಜಾ ಸಿದ್ದಿ, ಗೀತಾ ಸಿದ್ದಿ. ಈ ಸಿದ್ದಿ ಎಂಬ ಹೆಸರಿನ ಬೆನ್ನು ಹಿಡಿದು ಹೋದರೆ ನಾವು ತಲುಪುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿಗೆ. ಶಿರಸಿ–ಯಲ್ಲಾಪುರ ದಾರಿಯ ಮಂಚಿಕೇರಿಗೆ.

ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರೇ ಸಿದ್ದಿಯರು. ಅವರ ಮಕ್ಕಳು, ಮೊಮ್ಮಕ್ಕಳು ಹಿಂದೂಗಳಾದರು, ಮುಸ್ಲಿಮರಾದರು, ಕ್ರೈಸ್ತರಾದರು. ಕೊಂಕಣಿ, ಕನ್ನಡ ಆಡಿದರು. ಅಡಿಕೆ ತೋಟಗಳಲ್ಲಿ ದುಡಿದರು. ದೇವರು ಬೇರೆಯಾದರೂ ಡಮಾಮಿ ಎಲ್ಲರದೂ ಆಗಿ ಉಳಿಯಿತು. ಅದು ಚರ್ಮವಾದ್ಯದ ಹೆಸರೂ ಹೌದು, ಅದರ ಸುತ್ತ ನಡೆಯುವ ಕುಣಿತದ ಹೆಸರೂ ಹೌದು.

ಅಟ್ಲಾಂಟಿಕ್ ದಾಟಿಸಿ ಅಮೆರಿಕಕ್ಕೆ ಒಯ್ದ ಆಫ್ರಿಕನ್ನರ ಕಥೆ ಇಲ್ಲಿ ನೆನಪಾಗದೆ ಇರದು. ಅಲ್ಲಿನ ಡಿನ್‌ವಿಡ್ಡಿ ಕ್ವಾರ್ಟೆಟ್ ಎಂಬ ಕಪ್ಪು ಗಾಯಕರ ತಂಡ ತನ್ನ ಭಕ್ತಿಗೀತೆಗಳನ್ನು ವಿಕ್ಟರ್ ಕಂಪನಿಗೆ ಹಾಡಿದ್ದು 1902ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಚರ್ಚಿನ ಹಾಡು ಅಮೆರಿಕದಲ್ಲಿ ಕ್ರಮೇಣ ವೃತ್ತಿಯೇ ಆಯಿತು. ಬ್ಲೂಸ್ ಪಿಯಾನೊ ನುಡಿಸುತ್ತಿದ್ದ ಥಾಮಸ್ ಡಾರ್ಸಿ ಗಾಸ್ಪೆಲ್ ಗೀತೆಗಳ ರಚನೆಗೆ ತಿರುಗಿದರು. ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ 1947ರಲ್ಲಿ ಹಾಡಿದ ಒಂದು ರೆಕಾರ್ಡು ಅವರನ್ನು ದೇಶವೆಲ್ಲ ಅರಿಯುವಂತೆ ಮಾಡಿತು. ಬ್ಲೂಸ್ ಹಾಡಿ ಎಂದರೂ ಆಕೆ ಒಪ್ಪಲಿಲ್ಲ.

ನಮ್ಮ ಘಟ್ಟದಲ್ಲಿ ಹಾಗಾಗಲಿಲ್ಲ. ದನಿಗೇನೂ ಕೊರತೆಯಿರಲಿಲ್ಲ, ಕೊಳ್ಳುವವರ ಪೇಟೆ ಇರಲಿಲ್ಲ. ಕ್ಯಾಸೆಟ್ ಕಾಲ ಬಂದಾಗ ಯಕ್ಷಗಾನದ ಭಾಗವತರಿಗೆ ಬಾಗಿಲು ತೆರೆಯಿತು. ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ ಮೇಲೂ ಅವರ ಪದ್ಯಗಳು ಟೇಪ್ ರೆಕಾರ್ಡರುಗಳಲ್ಲಿ ಕೇಳುತ್ತಲೇ ಇದ್ದವು. ಟಿಕೆಟ್ ಕೊಂಡು ಆಟ ನೋಡುತ್ತಿದ್ದವರೇ ಕ್ಯಾಸೆಟ್ಟನ್ನೂ ಕೊಂಡರು. ಡಮಾಮಿಗೆ ಟಿಕೆಟ್ ಎಲ್ಲಿಂದ ಬರಬೇಕು? ಅಲ್ಲಿ ಹಾಡುವವರೇ ಕೇಳುವವರು.

ಹಾಗಾಗಿ ಸಿದ್ದಿಯರ ದನಿ ಮೈಕಿನ ಮುಂದೆ ಬಂದದ್ದು ನಾಟಕದ ದಾರಿಯಿಂದ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬಳಗದ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಯರನ್ನು ಕಟ್ಟಿಕೊಂಡು ‘ಕಪ್ಪು ಜನ ಕೆಂಪು ನೆರಳು’ ಆಡಿಸಿದರು. ಮೂಲ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿ. ತೋಟದ ಕೆಲಸದವರೆಂದಷ್ಟೇ ಕಂಡಿದ್ದವರನ್ನು ಊರು ಕಲಾವಿದರಾಗಿ ನೋಡಬೇಕಾಯಿತು. ಇದು ಸಣ್ಣ ಮಾತಲ್ಲ. ಮುಂದೆ ಈ ಸಮುದಾಯದಿಂದ ನಟರು ಬಂದರು. ಪ್ರಶಾಂತ್ ಸಿದ್ದಿ ಸಿನಿಮಾದಲ್ಲಿ ಹೆಸರಾದರು. ಗಿರಿಜಾ ಸಿದ್ದಿಯವರೂ ರಂಗಭೂಮಿಯಲ್ಲಿ ಪಳಗಿದವರೇ.

ಸಿನಿಮಾ ಹಾಡಿಗೆ ಕೆಲವೇ ನಿಮಿಷದ ಅಳತೆ; ಡಮಾಮಿಗೆ ಅಳತೆಯೇ ಇಲ್ಲ, ಕಾಲು ಸೋಲುವ ತನಕ ಅದು ನಡೆಯುತ್ತದೆ. ಸ್ಟುಡಿಯೋದಲ್ಲಿ ಒಂದೊಂದು ದನಿಯನ್ನೂ ಬೇರೆ ಬೇರೆ ಹಿಡಿದು ಆಮೇಲೆ ಬೆರೆಸಬಹುದು. ಅಂಗಳದಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ, ಕೈ ತಪ್ಪಿದವರನ್ನು ನೋಡಿ ನಗುತ್ತಾರೆ. ಆ ನಗು ರೆಕಾರ್ಡಿಗೆ ಬರುವುದಿಲ್ಲ. ಬರಬೇಕಿತ್ತು ಎಂಬುದು ನನ್ನ ಆಸೆ.

ಇನ್ನು ದುಡ್ಡಿನ ಮಾತು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾನೂನು ಹಾಡುಗಾರರಿಗೂ ರಾಯಲ್ಟಿಯ ಹಕ್ಕು ಕೊಟ್ಟಿದೆ. ಆದರೆ ಕಾನೂನು ಕೇಳುವುದು ಒಬ್ಬೊಬ್ಬರ ಹೆಸರು. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದಕ್ಕೆ ‘ಜನಪದ’ ಎಂದು ಬರೆದುಬಿಟ್ಟರೆ ಅದನ್ನು ಬೆಳೆಸಿದ ಕೇರಿಗೆ ಏನೂ ಹೋಗುವುದಿಲ್ಲ. ಗಿರಿಜಾ, ಗೀತಾ ಎಂಬ ಹೆಸರುಗಳು ಹಾಡಿನ ಜೊತೆ ಅಚ್ಚಾದದ್ದು ಅದಕ್ಕೇ ದೊಡ್ಡದು. ಡಮಾಮಿಯ ತಾಳ ಇಟ್ಟುಕೊಂಡು ಹಾಡು ಮಾಡಲು ಮುಂದೆ ಯಾರಾದರೂ ಘಟ್ಟ ಹತ್ತಿದರೆ, ಹಿಂದೆ ನಿಂತು ದನಿಗೂಡಿಸುವ ಹೆಂಗಸರ ಹೆಸರುಗಳನ್ನೂ ಒಂದೊಂದಾಗಿ ಬರೆದುಕೊಳ್ಳಲಿ, ಸಂಭಾವನೆಯ ಕರಾರಿನಲ್ಲೂ ಸೇರಿಸಲಿ.